ಹೈಲಂ ಶೀಟಿನಲ್ಲಿ ಒಂದು ರೇಸ್ ಸ್ಟೀರಿಂಗ್

ಇದು ಶುರುವಾಗಿದ್ದು ನನ್ನ ಅಳಿಯನಿಂದ. ಅಳಿಯ ಅಂದರೆ ತಂಗಿಯ ಮಗ, ಒಂಬತ್ತನೇ ಕ್ಲಾಸು ಮುಗಿಸಿದ ಹುಡುಗ. ಬೇಸಿಗೆ ರಜೆಗೆ ಬಾಗಲಕೋಟೆಯಿಂದ ಬೆಳಗಾವಿಗೆ ಬಂದವನು ನೇರವಾಗಿ ನನ್ನ ಕಂಪ್ಯೂಟರ್ ಮುಂದೆ ಕೂತ. ಅಲ್ಲಿ ನನ್ನದೊಂದು ಹಳೆಯ ಗೇಮಿಂಗ್ ಸ್ಟೀರಿಂಗ್ ಸೆಟ್ ಇದೆ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಗುಂಡಗಿನ ರಿಮ್, ಅದರ ಮೇಲೆ ಏಳೆಂಟು ಬಟನ್. ಸಾದಾ ಕಾರು ಓಡಿಸೋಕೆ ಸಾಕು. ಫಾರ್ಮುಲಾ ಒನ್ ಕಾರು ಹಾಕಿಕೊಂಡರೆ ಸಾಲುವುದಿಲ್ಲ. ಬ್ರೇಕ್ ಬ್ಯಾಲೆನ್ಸ್ ಬದಲಿಸಬೇಕೆಂದರೆ ಒಂದು ಕೈ ಬಿಟ್ಟು ಕೀಬೋರ್ಡ್ ತಡಕಾಡಬೇಕು. ಅಷ್ಟರಲ್ಲಿ ಕಾರು ಗೋಡೆಗೆ ಮುತ್ತಿಟ್ಟಿರುತ್ತದೆ.

"ಮಾಮಾ, ಖರೇ ಕಾರಿನ್ಯಾಗ ಇರ್ತೈತಲ್ಲ, ಅಂಥಾದ್ದು ಮಾಡಾಕ ಬರಂಗಿಲ್ಲೇನು ನಿನಗ?" ಅಂದ.

ನಾನು ಉದ್ಯಮಬಾಗದ ಒಂದು ಮಶೀನ್ ಶಾಪ್‌ನಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುವವನು. ದಿನಾ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಂನಿಂದ ಲೋಹ ಕತ್ತರಿಸುವ ಮಶೀನಿನ, ಪ್ಯಾನೆಲ್ ಬಿಚ್ಚಿ ಕಟ್ಟುವುದೇ ಕೆಲಸ. ಬಟನ್, ಸ್ವಿಚ್, ವೈರು ಅಂದರೆ ನನಗೆ ಹೊಸದಲ್ಲ. ಹದಿನೈದು ದಿನದ ಕೆಲಸ ಅಂದುಕೊಂಡು ಹೂಂ ಅಂದೆ. ಮೂರು ತಿಂಗಳು ಹಿಡಿಯಿತು.

ಮೊದಲು ನಿಜವಾದ ಫಾರ್ಮುಲಾ ಒನ್ ಸ್ಟೀರಿಂಗ್ ಚಕ್ರದಲ್ಲಿ ಏನೇನಿದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡೆ. ಹಿಂದುಗಡೆ ಗೇರ್‌ಗೆ ಎರಡು ಪ್ಯಾಡಲ್, ಬಲಗಡೆಯದು ಮೇಲಕ್ಕೆ, ಎಡಗಡೆಯದು ಕೆಳಕ್ಕೆ. ಅವುಗಳ ಕೆಳಗೆ ಕ್ಲಚ್ ಪ್ಯಾಡಲ್. ಮುಂದುಗಡೆ ರೇಡಿಯೋ, ನ್ಯೂಟ್ರಲ್, ಗಾಲಿ ಬದಲಿಸುವ ಪಿಟ್ ರಸ್ತೆಯಲ್ಲಿ ವೇಗ ಮಿತಿ ಮೀರದಂತೆ ಹಿಡಿಯುವ ಪಿಟ್ ಲಿಮಿಟರ್, ಮುಂದಿನವನನ್ನು ದಾಟೋಕೆ ಹೆಚ್ಚು ಬಲ ಕೊಡುವ ಓವರ್‌ಟೇಕ್, ಕುಡಿಯುವ ನೀರಿನ ಪಂಪು. 2011ರಿಂದ 2025ರವರೆಗಿನ ಕಾರುಗಳಲ್ಲಿ ಹಿಂದಿನ ರೆಕ್ಕೆ ತೆರೆಯುವ ಡಿಆರ್‌ಎಸ್ ಬಟನ್. ಇವೆಲ್ಲದರ ನಡುವೆ ರೋಟರಿ ನಾಬ್‌ಗಳು: ಬ್ರೇಕ್ ಬಲ ಮುಂದಿನ ಗಾಲಿಗೆ ಎಷ್ಟು ಹಿಂದಿನದಕ್ಕೆ ಎಷ್ಟು, ಹಿಂದಿನ ಎರಡು ಗಾಲಿಗೆ ಬಲ ಹಂಚುವ ಡಿಫರೆನ್ಷಿಯಲ್ ತಿರುವಿಗೆ ಒಳಹೋಗುವಾಗ ಹೇಗೆ, ಹೊರಬರುವಾಗ ಹೇಗೆ, ಎಂಜಿನ್ ಮತ್ತು ಬ್ಯಾಟರಿ ಯಾವ ಲೆಕ್ಕದಲ್ಲಿ ಖರ್ಚಾಗಬೇಕು. ಮೇಲೆ ಸಾಲಾಗಿ, ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ತೋರಿಸುವ ಆರ್‌ಪಿಎಂ ಲೈಟು. ನಡುವೆ ಡಿಸ್ಪ್ಲೇ.

ಪಟ್ಟಿ ನೋಡಿದರೆ ತಲೆ ತಿರುಗುತ್ತದೆ. ಆದರೆ ನಮ್ಮ ಸಿಎನ್‌ಸಿ ಪ್ಯಾನೆಲ್ ಮುಂದೆ ನಿಂತವರಿಗೆ ಅದರಲ್ಲಿ ಅರ್ಧ ಪರಿಚಯದ್ದೇ. ಫೀಡ್ ಓವರ್‌ರೈಡ್ ಅಂತ ಒಂದು ನಾಬ್ ಇರುತ್ತದಲ್ಲ, ಪ್ರೋಗ್ರಾಂನಲ್ಲಿ ಬರೆದ ವೇಗದ ಶೇಕಡ ಇಷ್ಟು ಅಂತ ತಿರುಗಿಸುವುದು. ಒಳ್ಳೆಯ ಆಪರೇಟರ್ ಅದನ್ನು ನೋಡುವುದೇ ಇಲ್ಲ. ಕಣ್ಣು ಟೂಲ್ ಮೇಲೆ, ಕೈ ನಾಬ್ ಮೇಲೆ. ಟಕ್ ಟಕ್ ಅಂತ ಎಷ್ಟು ಸಲ ಬಿತ್ತು ಅನ್ನುವುದು ಬೆರಳಿಗೇ ಗೊತ್ತು. ರೇಸ್ ಚಕ್ರದ ರೋಟರಿಯ ಕೆಲಸವೂ ಇದೇ. ಡ್ರೈವರ್ ಕುಣಿಯುವ ಕಾರಿನಲ್ಲಿ ಗ್ಲೌಸ್ ಹಾಕಿಕೊಂಡು ಕೂತಿರುತ್ತಾನೆ, ಅಷ್ಟೇ ವ್ಯತ್ಯಾಸ.

ಈ ಹೋಲಿಕೆ ತಲೆಗೆ ಬಂದಿದ್ದೇ ತಡ, ಗುಜರಿ ಅಂಗಡಿಗೆ ಹೋದೆ. ಹಳೆಯ ಮಿಲ್ಲಿಂಗ್ ಮಶೀನಿನ ಪ್ಯಾನೆಲ್ ಒಂದು ಸಿಕ್ಕಿತು. ಅದರ ಫೀಡ್ ನಾಬ್ ತಿರುಗಿಸಿ ನೋಡಿದರೆ ಎಂಥಾ ಗಟ್ಟಿ ಟಕ್ಕು! ಒಳಗೆ ಗ್ರೇ ಕೋಡ್. ಅಂದರೆ ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಹೋಗುವಾಗ ಒಂದೇ ಒಂದು ವೈರಿನ ಸ್ಥಿತಿ ಬದಲಾಗುತ್ತದೆ. ಹಾಗಾಗಿ ನಡುವೆ ತಪ್ಪು ಲೆಕ್ಕ ಬರುವುದೇ ಇಲ್ಲ. ಖುಷಿಯಿಂದ ಮನೆಗೆ ತಂದು ಅಳತೆ ಮಾಡಿದೆ. ಹಿಂದಿನ ಡಬ್ಬ ನನ್ನ ಮುಷ್ಟಿಯಷ್ಟಿದೆ. ಅಂಥವು ಎರಡು ಹಾಕಿದರೆ ಚಕ್ರ ಹೋಗಿ ಗಿರಣಿ ಆಗುತ್ತದೆ. ಮೇಜಿನ ಮೇಲಿಟ್ಟೆ. ಈಗಲೂ ಫೋನಿನಲ್ಲಿ ಮಾತಾಡುವಾಗ ಸುಮ್ನೆ ತಿರುಗಿಸುತ್ತಿರುತ್ತೇನೆ.

ಚಕ್ರದ ಮೈ ಯಾವುದರಲ್ಲಿ ಮಾಡುವುದು? ನಿಜವಾದದ್ದು ಕಾರ್ಬನ್ ಫೈಬರ್. ಅದರ ರೇಟು ಕೇಳಿ ಫೋನ್ ಇಟ್ಟೆ. ಆನ್‌ಲೈನಿನಲ್ಲಿ ತುಂಬಾ ಜನ 3ಡಿ ಪ್ರಿಂಟ್ ಮಾಡಿಸುತ್ತಾರೆ. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಹದಿನಾಲ್ಕು ವರ್ಷದ ಹುಡುಗ ಸಿಟ್ಟಿನಲ್ಲಿ ತಿರುಗಿಸಿದರೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ ಅನ್ನುವ ಭಯ. ಕೊನೆಗೆ ನನ್ನ ಕೈಗೆ ಒಗ್ಗಿದ ಮಾಲನ್ನೇ ಹಿಡಿದೆ: ಹೈಲಂ ಶೀಟು. ಪ್ಯಾನೆಲ್ ಬೋರ್ಡ್ ಮಾಡುವವರು ಬಸ್‌ಬಾರ್ ಹಿಂದೆ ಹಾಕುತ್ತಾರಲ್ಲ, ಆ ಕಂದು ಬಣ್ಣದ ಗಟ್ಟಿ ಹಲಗೆ. 6 ಮಿಮೀ ದಪ್ಪದ್ದು. ಬಾಗುವುದಿಲ್ಲ, ಬಿಸಿಗೆ ಮೆತ್ತಗಾಗುವುದಿಲ್ಲ, ಕರೆಂಟ್ ಹಾಯಿಸುವುದಿಲ್ಲ. ಒಂದೇ ಕೊರತೆ, ಕೊರೆಯುವಾಗ ಬರುವ ವಾಸನೆ. ಮನೆಯವಳು ಡ್ರಿಲ್ ಸಮೇತ ನನ್ನನ್ನು ಟೆರೇಸ್‌ಗೆ ಕಳಿಸಿದಳು. ಆ ಪುಡಿ ಮೂಗಿಗೆ ಹೋಗಬಾರದು, ಮಾಸ್ಕ್ ಬೇಕೇ ಬೇಕು.

ಅಗಲ 28 ಸೆಂಟಿಮೀಟರ್ ಇಟ್ಟೆ. ಎರಡು ಬದಿಗೆ ಕೈ ತೂರುವಷ್ಟು ಕಿಂಡಿ. ಹಿಡಿಕೆಗೆ ಬಡಿಗೇರ ಅಂಗಡಿಯಿಂದ ಸಾಗುವಾನಿ ತುಂಡು ತಂದು, ಮುಂದೊಂದು ಹಿಂದೊಂದು ಜೋಡಿಸಿ, ಕೈಗೆ ಕೂರುವವರೆಗೆ ಫೈಲ್ ಹೊಡೆದೆ. ಅದರ ಮೇಲೆ ಬ್ಯಾಡ್ಮಿಂಟನ್ ರಾಕೆಟ್‌ಗೆ ಸುತ್ತುವ ಗ್ರಿಪ್ ಟೇಪು. ಬೆವರಿದರೂ ಜಾರುವುದಿಲ್ಲ.

ಸ್ಟೀರಿಂಗ್ ಸೆಟ್‌ಗೂ ಈ ಹಲಗೆಗೂ ನಡುವೆ ಒಂದು ಹಬ್ ಬೇಕಿತ್ತು. ಗೇಮಿಂಗ್ ಚಕ್ರಗಳಲ್ಲಿ ಜಾಸ್ತಿ ನಡೆಯುವ ಅಳತೆ 70 ಮಿಮೀ ವೃತ್ತದ ಮೇಲೆ ಆರು ತೂತು, ಎಂ5 ಬೋಲ್ಟು. ನಮ್ಮ ಶಾಪ್‌ನ ಲೇಥ್ ಕಾಕಾ ಹತ್ತಿರ ಡ್ರಾಯಿಂಗ್ ತಗೊಂಡು ಹೋದೆ. ನಲವತ್ತು ವರ್ಷ ಲೇಥ್ ಮೇಲೆ ಕೈಯಾಡಿಸಿದ ಮನುಷ್ಯ. ಹಲಗೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ,

"ಏನೋ ತಮ್ಮಾ ಇದು, ವಿಮಾನ ಹಾರಸಾಕತ್ತೀ ಏನ ಮನ್ಯಾಗ?" ಅಂದರು.

"ಇಲ್ರೀ ಕಾಕಾ, ರೇಸ್ ಕಾರಿಂದು. ಹುಡುಗ ಆಡಾಕ."

"ಆಡಾಕ ಇಷ್ಟ್ಯಾಕ ಬಟನ್? ನಮ್ಮ ಕಾಲದಾಗ ಒಂದ ಗಾಲಿ, ಒಂದ ಕೋಲು ಇತ್ತು."

ಹಾಗಂದವರೇ ಊಟದ ಬಿಡುವಿನಲ್ಲಿ ಅಲ್ಯೂಮಿನಿಯಂ ತುಂಡು ಚಕ್‌ಗೆ ಕಟ್ಟಿ, ಡಯಲ್ ಇಟ್ಟು ನೋಡಿ, ಎರಡು ಸಲ ಒರೆಸಿ ಕೊಟ್ಟರು. ದುಡ್ಡು ಕೊಟ್ಟರೆ ತಗೊಳ್ಳಲಿಲ್ಲ. ಅರ್ಧ ಕಿಲೋ ಕುಂದಾ ಕೊಟ್ಟೆ, ಅದಕ್ಕೆ ಬೇಡ ಅನ್ನಲಿಲ್ಲ.

ಅಂದಹಾಗೆ ಕಾಕಾ ಹೇಳಿದ ಒಂದ ಗಾಲಿ ಒಂದ ಕೋಲು ಫಾರ್ಮುಲಾ ಒನ್‌ನಲ್ಲೂ ಇತ್ತು. ಅದು ಹೋಗೋಕೆ ಶುರುವಾಗಿದ್ದು 1989ರಲ್ಲಿ. ಜಾನ್ ಬರ್ನಾರ್ಡ್ ವಿನ್ಯಾಸ ಮಾಡಿದ ಫೆರಾರಿ 640 ಕಾರಿನಲ್ಲಿ ಗೇರ್ ಕೋಲು ತೆಗೆದು, ಸ್ಟೀರಿಂಗ್ ಹಿಂದೆ ಎರಡು ಪ್ಯಾಡಲ್ ಇಟ್ಟರು. ಪ್ಯಾಡಲ್ ಎಳೆದರೆ ಎಲೆಕ್ಟ್ರಿಕ್ ಸಂಕೇತ, ಗೇರ್ ಬದಲಿಸುವುದು ಹೈಡ್ರಾಲಿಕ್ಸ್. ಪರೀಕ್ಷೆಯಲ್ಲಿ ಪದೇ ಪದೇ ಕೈಕೊಟ್ಟ ಕಾರು ಅದು. ಆದರೂ ಬ್ರೆಜಿಲ್‌ನಲ್ಲಿ ನಡೆದ ಆ ವರ್ಷದ ಮೊದಲ ರೇಸನ್ನೇ ನೈಜೆಲ್ ಮ್ಯಾನ್ಸೆಲ್ ಗೆದ್ದುಬಿಟ್ಟ. ಆ ರೇಸಿನ ನಡುವೆ ಅವನ ಸ್ಟೀರಿಂಗ್ ಸಡಿಲಾಗಿ, ಪಿಟ್‌ಗೆ ಬಂದು ಬೇರೆ ಚಕ್ರ ಹಾಕಿಸಿಕೊಂಡು ಹೋಗಬೇಕಾಯಿತು. ಇದನ್ನು ಓದಿದ ಮೇಲೆ ನನ್ನ ಆರೂ ಬೋಲ್ಟಿಗೆ ಥ್ರೆಡ್ ಲಾಕರ್ ಹನಿ ಹಾಕಿದೆ.

ಗೇರ್ ಕೋಲಿಗೆ ಅಂತ ಕೈ ಬಿಡುವುದು ತಪ್ಪಿದ ಮೇಲೆ ಉಳಿದದ್ದೂ ಒಂದೊಂದಾಗಿ ಚಕ್ರಕ್ಕೇ ಬಂದು ಸೇರಿತು. ಎರಡು ಕೈಯೂ ಅಲ್ಲೇ ಇರುತ್ತವೆ, ಬಟನ್ನೂ ಅಲ್ಲೇ ಇರಲಿ ಅನ್ನುವ ಲೆಕ್ಕ.

ಇನ್ನು ಒಳಗಿನ ವಿಷಯ. ಬಟನ್‌ಗಳನ್ನು ಓದಿ ಕಂಪ್ಯೂಟರಿಗೆ ಹೇಳುವ ಪುಟ್ಟ ಬೋರ್ಡು ಪ್ರೋ ಮೈಕ್ರೋ, ಅದರ ಚಿಪ್ಪು ಎಟಿಮೆಗಾ32ಯು4. ಇದನ್ನೇ ಯಾಕೆ ಅಂದರೆ, ಯುಎಸ್‌ಬಿ ಚಿಪ್ಪಿನೊಳಗೇ ಇದೆ. ಕಂಪ್ಯೂಟರಿಗೆ ಚುಚ್ಚಿದರೆ ಜಾಯ್‌ಸ್ಟಿಕ್ ಅಂತಲೇ ಗುರುತು ಹಿಡಿಯುತ್ತದೆ, ಬೇರೆ ಡ್ರೈವರ್ ಸಾಫ್ಟ್‌ವೇರ್ ಬೇಡ. ಅದರಲ್ಲಿ ಬಳಸೋಕೆ ಸಿಗುವುದು 18 ಪಿನ್ನು. ನನಗೆ ಬೇಕಾದದ್ದು ಹತ್ತು ಬಟನ್, ಎರಡು ಗೇರ್ ಪ್ಯಾಡಲ್, ಎರಡು ಕ್ಲಚ್ ಪ್ಯಾಡಲ್, ಎರಡು ಎನ್‌ಕೋಡರ್ ನಾಬ್, ಎರಡು ಹನ್ನೆರಡು ಹೆಜ್ಜೆಯ ರೋಟರಿ ಸ್ವಿಚ್, ಮೇಲೆ 15 ಲೈಟು. ಒಂದೊಂದಕ್ಕೆ ಒಂದೊಂದು ಪಿನ್ ಕೊಡುತ್ತಾ ಹೋದರೆ ರೋಟರಿಗೆ ಬರುವ ಹೊತ್ತಿಗೆ ಪಿನ್ ಖಾಲಿ.

ಅದಕ್ಕೇ ಮ್ಯಾಟ್ರಿಕ್ಸ್. ನಾಲ್ಕು ಅಡ್ಡ ಸಾಲು, ನಾಲ್ಕು ಉದ್ದ ಸಾಲು, ಕೂಡಿದಲ್ಲೆಲ್ಲ ಒಂದು ಬಟನ್. ಎಂಟು ವೈರಿಗೆ ಹದಿನಾರು ಬಟನ್. ಬೋರ್ಡು ಒಂದೊಂದೇ ಅಡ್ಡ ಸಾಲನ್ನು ಎಬ್ಬಿಸಿ, ಯಾವ ಉದ್ದ ಸಾಲು ಉತ್ತರ ಕೊಟ್ಟಿತು ಅಂತ ನೋಡುತ್ತದೆ. ಹತ್ತು ಬಟನ್, ಎರಡು ಗೇರ್ ಪ್ಯಾಡಲ್, ಎನ್‌ಕೋಡರ್‌ಗಳ ತಲೆ ಒತ್ತುವ ಎರಡು ಸ್ವಿಚ್, ಒಟ್ಟು ಹದಿನಾಲ್ಕು ಇದರಲ್ಲಿ ಕೂತವು. ಎನ್‌ಕೋಡರಿಗೆ ಇನ್ನೂ ನಾಲ್ಕು ಪಿನ್, ಲೈಟಿಗೆ ಒಂದು. ಅನಲಾಗ್ ಪಿನ್ ನಾಲ್ಕರಲ್ಲಿ ಎರಡು ರೋಟರಿಗೆ, ಎರಡು ಕ್ಲಚ್ಚಿಗೆ. ಒಟ್ಟು ಹದಿನೇಳು. ಒಂದು ಪಿನ್ ಉಳಿದಿದ್ದಕ್ಕೆ ಸಂಬಳದಲ್ಲಿ ದುಡ್ಡು ಉಳಿದಷ್ಟು ಸಮಾಧಾನ ಆಯಿತು.

ಹನ್ನೆರಡು ಹೆಜ್ಜೆಯ ರೋಟರಿ ಒಂದೇ ಪಿನ್ನಿನಲ್ಲಿ ಹೇಗೆ ಅಂತ ಕೇಳಬಹುದು. ಸ್ವಿಚ್ಚಿನ ಹಿಂದೆ ಸಂಪರ್ಕದಿಂದ ಸಂಪರ್ಕಕ್ಕೆ ಒಂದು ಕಿಲೋ ಓಮಿನ ರೆಸಿಸ್ಟರ್, ಹೀಗೆ ಹನ್ನೊಂದು. ಒಂದು ತುದಿಗೆ 5 ವೋಲ್ಟ್, ಇನ್ನೊಂದಕ್ಕೆ ಗ್ರೌಂಡ್. ಏಣಿಯ ಮೆಟ್ಟಿಲಿನ ಹಾಗೆ ಒಂದೊಂದು ಹೆಜ್ಜೆಗೂ ಒಂದೊಂದು ವೋಲ್ಟೇಜು. ಬೋರ್ಡು ಅದನ್ನು 0ಯಿಂದ 1023ರವರೆಗೆ ಅಳೆಯುತ್ತದೆ, ಮೆಟ್ಟಿಲಿಗೆ ಸುಮಾರು 93. ಅಷ್ಟು ಅಂತರ ಧಾರಾಳವಾಯಿತು. ಆದರೆ ಒಂದು ಹೆಜ್ಜೆ ಬಿಟ್ಟು ಇನ್ನೊಂದು ಮುಟ್ಟುವ ನಡುವೆ ಸ್ವಿಚ್ಚು ಗಾಳಿಯಲ್ಲಿರುತ್ತದೆ. ಆಗ ಓದಿದರೆ ಬಾಯಿಗೆ ಬಂದ ನಂಬರ್ ಹೇಳುತ್ತದೆ. 30 ಮಿಲಿಸೆಕೆಂಡ್ ಒಂದೇ ಉತ್ತರ ಬಂದರೆ ಮಾತ್ರ ನಂಬು ಅಂತ ಕೋಡ್‌ನಲ್ಲಿ ಬರೆದೆ, ಸರಿಹೋಯಿತು.

ಎನ್‌ಕೋಡರ್ ಬೇರೆ ಜಾತಿ. ಅದು ಎಷ್ಟು ಬೇಕಾದರೂ ತಿರುಗುತ್ತದೆ, ಎಲ್ಲಿದ್ದೇನೆ ಅಂತ ಮಾತ್ರ ಹೇಳುವುದಿಲ್ಲ. ಈ ಕಡೆ ಒಂದು ಹೆಜ್ಜೆ, ಆ ಕಡೆ ಒಂದು ಹೆಜ್ಜೆ, ಇಷ್ಟೇ ಅದರ ಮಾತು. ಬ್ರೇಕ್ ಬ್ಯಾಲೆನ್ಸ್‌ಗೆ ಅದೇ ಒಳ್ಳೆಯದು. ತಿರುವಿನಿಂದ ತಿರುವಿಗೆ ಒಂದು ಚೂರು ಮುಂದೆ, ಒಂದು ಚೂರು ಹಿಂದೆ ಮಾಡುವ ವಿಷಯ ಅದು. ಎಂಜಿನ್ ಮೋಡ್‌ಗೆ ಹೆಜ್ಜೆಯ ಸ್ವಿಚ್ಚೇ ಬೇಕು, ಏಕೆಂದರೆ ಅಲ್ಲಿ ನಾಬ್ ತೋರಿಸುವ ನಂಬರಿಗೇ ಅರ್ಥ. ರೇಡಿಯೋದಲ್ಲಿ ಎಂಜಿನಿಯರ್ ಇಂಥ ನಂಬರಿಗೆ ಹೋಗು ಅಂದರೆ ಡ್ರೈವರ್ ಅಲ್ಲಿಗೆ ತಿರುಗಿಸಿದರೆ ಸಾಕು.

ಜೂನ್ ಹೊತ್ತಿಗೆ ಎಲ್ಲ ಬೆಸುಗೆ ಮುಗಿಯಿತು. ಹೊರಗೆ ಬೆಳಗಾವಿಯ ಮಳೆ ಹಿಡಿದಿತ್ತು. ಅಳಿಯ ಸ್ಕೂಲಿಗೆ ಅಂತ ಊರಿಗೆ ಹೋಗಿಬಿಟ್ಟಿದ್ದ. ನಾನೊಬ್ಬನೇ ಕೂತು ಆಡಿದೆ. ಮೊದಲ ಎರಡು ಸುತ್ತು ಬೆಣ್ಣೆಯ ಹಾಗೆ. ಮೂರನೇ ಸುತ್ತಿನಲ್ಲಿ ನೇರ ರಸ್ತೆಗೆ ಬಂದು, ಡಿಆರ್‌ಎಸ್ ಒತ್ತಿ, ಓವರ್‌ಟೇಕ್ ಹಿಡಿದು, ಗೇರ್ ಏರಿಸಿದೆ. ಕಾರು ಗಕ್ಕನೆ ಗಂಟೆಗೆ 80 ಕಿಲೋಮೀಟರಿಗೆ ಇಳಿಯಿತು. ಹಿಂದಿನ ಕಾರು ಬಂದು ಗುದ್ದಿತು.

80 ಅನ್ನುವುದು ಹೆಚ್ಚಿನ ಟ್ರ್ಯಾಕ್‌ಗಳಲ್ಲಿ ಪಿಟ್ ರಸ್ತೆಯ ಮಿತಿ. ಅಂದರೆ ಪಿಟ್ ಲಿಮಿಟರ್ ಆನ್ ಆಗಿದೆ. ನಾನು ಅದನ್ನು ಮುಟ್ಟೇ ಇಲ್ಲ!

ಎರಡು ಸಂಜೆ ಹುಡುಕಿದೆ. ಬಟನ್ ಬಿಚ್ಚಿದೆ, ವೈರು ಎಳೆದು ನೋಡಿದೆ, ಕೋಡನ್ನು ಬೈದೆ. ಆಮೇಲೆ ಹಾಳೆ ಮೇಲೆ ಮ್ಯಾಟ್ರಿಕ್ಸ್ ಬರೆದು, ಒತ್ತಿದ ಮೂರು ಬಟನ್‌ಗೆ ಸುತ್ತು ಹಾಕಿದೆ. ಮೂರೂ ಸೇರಿ ಒಂದು ಚೌಕದ ಮೂರು ಮೂಲೆ. ನಾಲ್ಕನೇ ಮೂಲೆ ಯಾವುದು? ಪಿಟ್ ಲಿಮಿಟರ್. ಕರೆಂಟು ಒತ್ತಿದ ಮೂರು ಬಟನ್ ಮೂಲಕ ಸುತ್ತಿ ಬಂದು, ಒತ್ತದ ನಾಲ್ಕನೆಯದೂ ಒತ್ತಿದೆ ಅಂತ ಬೋರ್ಡಿಗೆ ತೋರಿಸುತ್ತಿತ್ತು. ಇದು ಗೊತ್ತಿಲ್ಲದ ವಿಷಯವೇನಲ್ಲ. ಪ್ರತಿ ಬಟನ್‌ಗೂ, ಕರೆಂಟನ್ನು ಒಂದೇ ಕಡೆಗೆ ಬಿಡುವ ಒಂದು ಡಯೋಡ್ ಹಾಕಬೇಕು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಹದಿನಾಲ್ಕು ಡಯೋಡ್‌ಗೆ ಸೋಮಾರಿತನ ಮಾಡಿದ್ದೆ. ಶಾಪ್‌ನಲ್ಲಿ ಹೊಸ ಹುಡುಗರು ಹೀಗೆ ಮಾಡಿದ್ದರೆ ನಾನೇ ಬೈಯುತ್ತಿದ್ದೆ.

ಮಾರನೇ ದಿನ 1ಎನ್4148 ಡಯೋಡ್ ಒಂದು ಪಟ್ಟಿ ತಂದು ಎಲ್ಲ ಬಟನ್ ಕಾಲಿಗೂ ಬೆಸೆದೆ. ಕಪ್ಪು ಗೆರೆ ಎಲ್ಲದರಲ್ಲೂ ಒಂದೇ ಕಡೆ ಇರಬೇಕು. ಒಂದು ಉಲ್ಟಾ ಆಗಿತ್ತು, ಆ ಬಟನ್ ಸತ್ತೇಹೋದ ಹಾಗೆ ಕೂತಿತ್ತು. ತಿರುಗಿಸಿ ಹಾಕಿದ ಮೇಲೆ ದೆವ್ವದ ಕಾಟ ನಿಂತಿತು.

ಎರಡನೇ ಕಾಟ ಕ್ಲಚ್ಚಿನದು. ಕ್ಲಚ್ ಪ್ಯಾಡಲ್ ಬರೀ ಆನ್ ಆಫ್ ಅಲ್ಲ, ಎಷ್ಟು ಎಳೆದಿದ್ದೇನೆ ಅನ್ನುವುದು ಗೊತ್ತಾಗಬೇಕು. ಅದಕ್ಕೆ ಅಯಸ್ಕಾಂತ ಎಷ್ಟು ಹತ್ತಿರ ಬಂತು ಅಂತ ಅಳೆಯುವ ಹಾಲ್ ಸೆನ್ಸರ್ ಹಾಕಿದ್ದೆ. ಹತ್ತಿರ ಅಯಸ್ಕಾಂತ ಇಲ್ಲದಿದ್ದರೆ ಅದು ಎರಡೂವರೆ ವೋಲ್ಟ್ ಕೊಡುತ್ತದೆ, ಅಯಸ್ಕಾಂತ ಹತ್ತಿರ ಬಂದ ಹಾಗೆ ಏರುತ್ತದೆ ಅಥವಾ ಇಳಿಯುತ್ತದೆ, ಯಾವ ಮುಖ ಅನ್ನುವುದರ ಮೇಲೆ. ಆದರೆ ಗೇರ್ ಪ್ಯಾಡಲ್‌ನಲ್ಲೂ ಅಯಸ್ಕಾಂತ ಇದೆ. ಎಳೆದಾಗ ಟಪ್ ಅಂತ ಬಿಡಿಸಿಕೊಂಡು ಬರುವ ಆ ಗಟ್ಟಿ ಅನುಭವ ಸ್ಪ್ರಿಂಗ್‌ನಲ್ಲಿ ಸಿಗುವುದಿಲ್ಲ ಅಂತ ಜೋಡಿ ಅಯಸ್ಕಾಂತ ಕೂರಿಸಿದ್ದೆ. ಈಗ ಏನಾಯಿತು? ಗೇರ್ ಎಳೆದಾಗಲೆಲ್ಲ ಪಕ್ಕದ ಸೆನ್ಸರ್ ಬೆಚ್ಚಿ ಕ್ಲಚ್ ಅರೆ ಎಳೆದಂತೆ ತೋರಿಸುತ್ತಿತ್ತು. ಸೆನ್ಸರನ್ನು ಎರಡೂವರೆ ಸೆಂಟಿಮೀಟರ್ ದೂರ ಸರಿಸಿ, ನಡುವೆ ತೆಳು ಕಬ್ಬಿಣದ ತಗಡು ನಿಲ್ಲಿಸಿದೆ. ಅಯಸ್ಕಾಂತದ ಬಲ ತಗಡಿನಲ್ಲೇ ಹರಿದುಹೋಗುತ್ತದೆ, ಸೆನ್ಸರಿಗೆ ಬಂದು ಮುಟ್ಟುವುದು ತೀರಾ ಕಮ್ಮಿ.

ಕ್ಲಚ್ ಪ್ಯಾಡಲ್ ಎರಡು ಯಾಕೆ ಅಂದರೆ ಶುರುವಿನ ಸಮಯಕ್ಕೆ. ಎರಡನ್ನೂ ಎಳೆದು ಹಿಡಿಯುವುದು. ರೇಸ್ ಶುರುವಿನ ಲೈಟ್ ಆರಿದ ತಕ್ಷಣ ಒಂದನ್ನು ಪೂರ್ತಿ ಬಿಡುವುದು. ಇನ್ನೊಂದನ್ನು ಕ್ಲಚ್ ಕಚ್ಚುವ ಜಾಗದಲ್ಲೇ ನಿಲ್ಲುವಂತೆ ಮೊದಲೇ ಹೊಂದಿಸಿರುತ್ತೇವೆ, ಅದನ್ನು ಆಮೇಲೆ ಮೆಲ್ಲಗೆ ಬಿಡುವುದು. ನಿಜವಾದ ಕಾರುಗಳಲ್ಲೂ ಹಿಂದೆ ಈ ಉಪಾಯ ನಡೆಯುತ್ತಿತ್ತು. ನನ್ನ ಕೋಡ್‌ನಲ್ಲಿ ಇದು ಒಂದೇ ಸಾಲು: ಮೊದಲ ಪ್ಯಾಡಲ್‌ನ ಅಳತೆ, ಎರಡನೆಯದರ ಅಳತೆಯನ್ನು ಕಚ್ಚುವ ಶೇಕಡದಿಂದ ಗುಣಿಸಿದ್ದು, ಇವೆರಡರಲ್ಲಿ ದೊಡ್ಡದು. ಆ ಶೇಕಡ ಬದಲಿಸೋಕೆ ಎರಡನೇ ಎನ್‌ಕೋಡರ್. ಸ್ಕೂಟಿ ಬಿಟ್ಟು ಬೇರೇನೂ ಓಡಿಸದ ನನ್ನ ಮನೆಯವಳಿಗೂ ಶುರು ಮಾಡೋಕೆ ಬಂತು.

ಈಗ ನನ್ನ ದೊಡ್ಡ ಪೆದ್ದುತನಕ್ಕೆ ಬರುತ್ತೇನೆ.

ಚಕ್ರದಿಂದ ಕಂಪ್ಯೂಟರಿಗೆ ಸುರುಳಿ ಕೇಬಲ್ ಇದ್ದರೆ ಚೆಂದ, ತಿರುಗಿಸಿದಾಗ ಸುತ್ತಿಕೊಳ್ಳುವುದಿಲ್ಲ. ಹಳೆಯ ಲ್ಯಾಂಡ್‌ಲೈನ್ ಫೋನಿನ ರಿಸೀವರ್ ವೈರು ನೆನಪಾಯಿತು. ನಾಲ್ಕು ಎಳೆ. ಯುಎಸ್‌ಬಿಗೂ ನಾಲ್ಕೇ ಎಳೆ ಬೇಕು. ಎಂಥಾ ಜಾಣತನ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡು ಜೋಡಿಸಿದೆ. ಬಟನ್ನು, ಪ್ಯಾಡಲ್ಲು ಎಲ್ಲ ನಡೆದವು.

ಆಮೇಲೆ ಆರ್‌ಪಿಎಂ ಲೈಟ್ ಹಾಕಿದೆ. 15 ಎಲ್‌ಇಡಿಯ ಪಟ್ಟಿ, ಡಬ್ಲ್ಯುಎಸ್2812 ಜಾತಿಯದು. ಆಟ ತನ್ನ ಎಂಜಿನ್ ಲೆಕ್ಕವನ್ನು ಯುಡಿಪಿ ಅನ್ನುವ ನೆಟ್‌ವರ್ಕ್ ದಾರಿಯಲ್ಲಿ ಹೊರಗೆ ಬಿಡುತ್ತದೆ. ಪೈಥಾನ್‌ನ ಒಂದು ಪುಟ್ಟ ಪ್ರೋಗ್ರಾಂ ಅದನ್ನು ಹಿಡಿದು ಬೋರ್ಡಿಗೆ ದಾಟಿಸುತ್ತದೆ. ಮೊದಲ ಐದು ಹಸಿರು, ಆಮೇಲೆ ಐದು ಕೆಂಪು, ಕೊನೆಯ ಐದು ನೀಲಿ. ಗೇರ್ ಹಾಕು ಅನ್ನುವ ಕ್ಷಣಕ್ಕೆ ಹದಿನೈದೂ ಬಿಳಿಯಾಗಿ ಮಿಣಕ್ ಮಿಣಕ್. ಈ ಬಿಳಿ ನನ್ನ ಸ್ವಂತ ಶೋಕಿ.

ಆಡೋಕೆ ಕೂತೆ. ಹಸಿರು ಬಂತು, ಕೆಂಪು ಬಂತು, ನೀಲಿ ಬಂತು, ಬಿಳಿ ಮಿಣುಕಿತು, ಚಕ್ರ ಸತ್ತಿತು. ಕಂಪ್ಯೂಟರ್ ಡುಂಡುಂ ಅಂತ ಯುಎಸ್‌ಬಿ ಕಿತ್ತ ಸದ್ದು ಮಾಡಿತು. ಎರಡು ಸೆಕೆಂಡಿಗೆ ತಾನೇ ಜೀವ ಬಂತು. ಮತ್ತೆ ಓಡಿಸಿದೆ. ಮತ್ತೆ ಅದೇ ಜಾಗದಲ್ಲಿ, ಸರಿಯಾಗಿ ಗೇರ್ ಹಾಕುವ ಹೊತ್ತಿಗೆ ಸಾವು. ಮುಖ್ಯ ಕೆಲಸದ ಹೊತ್ತಿಗೇ ಕೈಕೊಡುವ ಇಂಥ ಮಶೀನುಗಳನ್ನು ನಾನು ಶಾಪ್‌ನಲ್ಲಿ ಸಾಕಷ್ಟು ನೋಡಿದ್ದೇನೆ. ಅಲ್ಲಿ ಮೊದಲು ಮಾಡುವ ಕೆಲಸವನ್ನೇ ಇಲ್ಲೂ ಮಾಡಿದೆ. ಮೀಟರ್ ಹಚ್ಚಿದೆ.

ಕಂಪ್ಯೂಟರ್ ತುದಿಯಲ್ಲಿ 4.9 ವೋಲ್ಟ್. ಚಕ್ರದ ತುದಿಯಲ್ಲಿ, ಲೈಟ್ ಆರಿದ್ದಾಗ, 4.7. ಹಸಿರು ಹತ್ತಿದಾಗ ಇನ್ನೂ ಕಡಿಮೆ. ಬಿಳಿ ಮಿಣುಕಿದ ಕ್ಷಣ ಮೀಟರಿನ ಅಂಕಿ ಮೂರಕ್ಕೆ ಬಿದ್ದು, ಬೋರ್ಡ್ ಸತ್ತು, ಮತ್ತೆ ಏರಿತು. ಒಂದು ಎಲ್‌ಇಡಿ ಪೂರ್ತಿ ಬಿಳಿಯಾದರೆ 60 ಮಿಲಿ ಆಂಪ್ಸ್ ಹತ್ತಿರ ಎಳೆಯುತ್ತದೆ. ಹದಿನೈದಕ್ಕೆ 900. ಸಾದಾ ಯುಎಸ್‌ಬಿ ಪೋರ್ಟಿನ ಲೆಕ್ಕವೇ 500. ಅದರ ಮೇಲೆ ಈ ಫೋನ್ ವೈರು. ಬಿಚ್ಚಿ ನೋಡಿದರೆ ಒಳಗೆ ತಾಮ್ರದ ತಂತಿಯೇ ಅಲ್ಲ, ದಾರಕ್ಕೆ ಸುತ್ತಿದ ತೆಳ್ಳನೆಯ ತಾಮ್ರದ ಪಟ್ಟಿ. ಸಾವಿರ ಸಲ ಎಳೆದರೂ ಹರಿಯದಿರಲಿ ಅಂತ ಮಾಡಿದ್ದು, ಕರೆಂಟು ಸಾಗಿಸೋಕೆ ಅಲ್ಲ. ಪಾಪ, ಅದರದೇನು ತಪ್ಪು.

ಸರಿಯಾದ ಯುಎಸ್‌ಬಿ ಕೇಬಲ್ ತಂದೆ, ಸುರುಳಿ ಇಲ್ಲದಿದ್ದರೂ ಚಿಂತೆಯಿಲ್ಲ ಅಂತ. ಲೈಟಿನ ಬೆಳಕನ್ನು 255ರಲ್ಲಿ 40ಕ್ಕೆ ಇಳಿಸಿದೆ. ನಿಜ ಹೇಳಬೇಕೆಂದರೆ ಮೊದಲಿನ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಪಟ್ಟಿಯ ಬುಡದಲ್ಲಿ ಒಂದು ದೊಡ್ಡ ಕೆಪ್ಯಾಸಿಟರ್ ಕೂರಿಸಿದೆ. ಬೋರ್ಡಿನ ಮೈಕ್ರೋ ಯುಎಸ್‌ಬಿ ಬಾಯಿ ತುಂಬಾ ನಾಜೂಕು, ಎಳೆದರೆ ಕಿತ್ತು ಬರುತ್ತದೆ. ಅದರ ಸುತ್ತ ಬಿಸಿ ಅಂಟು ಸುರಿದು, ಕೇಬಲ್ಲನ್ನು ಹಲಗೆಗೇ ಕ್ಲಾಂಪ್ ಮಾಡಿದೆ.

ಜುಲೈನಲ್ಲಿ ಒಂದು ಶನಿವಾರ ಅಳಿಯ ಬಂದ. ಚಕ್ರ ನೋಡಿ ಕುಣಿದ. ಅರ್ಧ ಗಂಟೆ ಆಡಿದ. ಮೂರು ಸಲ ತಪ್ಪು ಬಟನ್ ಒತ್ತಿ ರೇಸ್ ಕಳೆದುಕೊಂಡ. ಒಂದು ಸಲವಂತೂ ರೇಡಿಯೋ ಅಂತ ಒತ್ತಿದ್ದು ನ್ಯೂಟ್ರಲ್, ಅದೂ ತಿರುವಿನ ನಡುವೆ.

"ನೋಡಿ ಒತ್ತೋ" ಅಂದೆ.

"ನೋಡಿದ್ರ ಗ್ವಾಡಿಗೆ ಹೊಡೀತೀನಿ ಮಾಮಾ" ಅಂದ.

ಅವನ ಮಾತು ಸರಿ. ನಾನು ಬಟನ್‌ಗಳನ್ನು ಪ್ಯಾನೆಲ್ ಬೋರ್ಡಿನ ಹಾಗೆ ಜೋಡಿಸಿದ್ದೆ: ಸಾಲಾಗಿ, ಸಮ ಅಂತರದಲ್ಲಿ, ಎಲ್ಲ ಒಂದೇ ಎತ್ತರ. ನೋಡೋಕೆ ಎಷ್ಟು ಚೆಂದ! ಕಣ್ಣು ಮುಚ್ಚಿದರೆ ಎಲ್ಲ ಒಂದೇ.

ಇದು ಸುಮ್ನೆ ಆಟದ ತೊಂದರೆ ಅಂದುಕೊಳ್ಳಬೇಡಿ. 2021ರ ಜೂನ್ 6, ಅಜರ್‌ಬೈಜಾನಿನ ಬಾಕುವಿನ ಫಾರ್ಮುಲಾ ಒನ್ ರೇಸು. ಕೊನೆಯಲ್ಲಿ ಕೆಂಪು ಬಾವುಟ ಬಂದು ರೇಸ್ ನಿಂತು, ಎರಡು ಸುತ್ತಿಗೆ ಅಂತ ಮತ್ತೆ ಶುರು ಮಾಡಿದರು. ಲೂಯಿಸ್ ಹ್ಯಾಮಿಲ್ಟನ್ ಚೆನ್ನಾಗಿ ಎದ್ದು ಮುಂದೆ ಬಂದ. ಮೊದಲ ತಿರುವಿಗೆ ಬ್ರೇಕ್ ಒತ್ತಿದರೆ ಮುಂದಿನ ಗಾಲಿ ಲಾಕ್ ಆಗಿ, ಹೊಗೆ ಎದ್ದು, ಕಾರು ಸೀದಾ ಹೊರಗೆ ಹೋಯಿತು. ಗೇರ್ ಬದಲಿಸುವಾಗ ಅವನ ಕೈ ಒಂದು ಸ್ವಿಚ್ಚಿಗೆ ತಾಗಿತ್ತು. ಬ್ರೇಕ್ ಬಿಸಿ ಮಾಡಿಕೊಳ್ಳೋಕೆ ಅಂತ ಬಲವನ್ನೆಲ್ಲ ಮುಂದಕ್ಕೆ ತಳ್ಳುವ ಸೆಟ್ಟಿಂಗ್ ಅದು. ತಂಡದವರು ಅದಕ್ಕೆ ಬ್ರೇಕ್ ಮ್ಯಾಜಿಕ್ ಅನ್ನುತ್ತಿದ್ದರು. ಗೆಲ್ಲಬಹುದಾಗಿದ್ದವನು 15ನೆಯವನಾಗಿ ಮುಗಿಸಿದ. ಏಳು ಸಲ ಚಾಂಪಿಯನ್ ಆದವನ ಕೈಗೇ ಹೀಗಾದ ಮೇಲೆ ನಮ್ಮ ಹುಡುಗನದೇನು?

ಹಲಗೆ ಎಸೆದೆ. ಹೊಸ ಹೈಲಂ ತುಂಡು ತಂದು ಮತ್ತೆ ಟೆರೇಸ್ ಹತ್ತಿದೆ. ಈ ಸಲ ಕೊರೆಯುವ ಮೊದಲು ರಟ್ಟಿನ ಮೇಲೆ ಚಕ್ರ ಬರೆದು, ಹಿಡಿಕೆ ಹಿಡಿದು, ಹೆಬ್ಬೆರಳು ತಾನಾಗಿ ಎಲ್ಲೆಲ್ಲಿ ಹೋಗುತ್ತದೆ ಅಂತ ಮಸಿ ಹಚ್ಚಿ ಗುರುತು ಮಾಡಿಕೊಂಡೆ. ಕಮಾನಿನ ಹಾಗೆ ಬಂತು, ಸಾಲಿನ ಹಾಗಲ್ಲ. ನನ್ನ ಹೆಬ್ಬೆರಳಿಗೂ ಅಳಿಯನದಕ್ಕೂ ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ. ಅವನ ಅಳತೆಗೇ ಮಾಡಿದೆ. ಪದೇ ಪದೇ ಬೇಕಾಗುವ ಡಿಆರ್‌ಎಸ್, ಓವರ್‌ಟೇಕ್, ರೇಡಿಯೋ ಆ ಕಮಾನಿನ ಮೇಲೆ. ಅಪಾಯದ ನ್ಯೂಟ್ರಲ್, ಲಿಮಿಟರ್ ಮೇಲಿನ ಮೂಲೆಗೆ, ಕೈ ಸ್ವಲ್ಪ ಎತ್ತಿದರೆ ಮಾತ್ರ ಸಿಗುವಂತೆ. ಅವೆರಡರ ಸುತ್ತ ಲೇಥ್ ಕಾಕಾ ಕತ್ತರಿಸಿ ಕೊಟ್ಟ ಅಲ್ಯೂಮಿನಿಯಂ ಉಂಗುರ, ಬಟನ್‌ಗಿಂತ 3 ಮಿಮೀ ಎತ್ತರ. ಬೇಕಂತಲೇ ಬೆರಳು ಒಳಗೆ ಇಳಿಸಬೇಕು. ಸಿಎನ್‌ಸಿಯ ಸೈಕಲ್ ಸ್ಟಾರ್ಟ್ ಬಟನ್ ಸುತ್ತ ಇಂಥದೇ ಉಂಗುರ ಇರುತ್ತದೆ. ದಿನಾ ನೋಡುತ್ತಿದ್ದೆ, ಯಾಕಿದೆ ಅಂತ ಯೋಚನೆಯನ್ನೇ ಮಾಡಿರಲಿಲ್ಲ.

ರೋಟರಿಗಳ ಟೊಪ್ಪಿಗೆಗಳನ್ನೂ ಬೇರೆ ಬೇರೆ ಮಾಡಿದೆ. ಒಂದಕ್ಕೆ ಗೀರುಗೀರಿನ ಅಲ್ಯೂಮಿನಿಯಂ, ಇನ್ನೊಂದಕ್ಕೆ ನುಣ್ಣನೆಯ ಪ್ಲಾಸ್ಟಿಕ್. ರೇಡಿಯೋ ಬಟನ್ ನೆತ್ತಿಯ ಮೇಲೆ ಅಂಟಿನ ಒಂದು ಹನಿ, ಬೆರಳಿಗೆ ಗುಳ್ಳೆಯ ಹಾಗೆ ತಾಗುತ್ತದೆ.

ಪರೀಕ್ಷೆಗೆ ನನ್ನ ಮನೆಯವಳು. ನಾನು ಕಣ್ಣು ಮುಚ್ಚಿ, ಶಾಪ್‌ನಲ್ಲಿ ಹಾಕುವ ರಬ್ಬರ್ ಲೇಪನದ ಗ್ಲೌಸ್ ಹಾಕಿಕೊಂಡು ಕೂರುವುದು. ಅವಳು ಪಟ್ಟಿ ನೋಡಿ ಕೂಗುವುದು: ರೇಡಿಯೋ, ಲಿಮಿಟರ್, ಬ್ರೇಕ್ ಎರಡು ಮುಂದೆ. ಹಳೆಯ ಹಲಗೆಯಲ್ಲಿ ಮೂವತ್ತಕ್ಕೆ ಹನ್ನೊಂದು ತಪ್ಪು. ಹೊಸದರಲ್ಲಿ ಮೊದಲ ಸಲ ಐದು, ಎರಡನೇ ದಿನ ಎರಡು. ಅವಳಿಗೆ ಇದರಲ್ಲಿ ಎಷ್ಟು ಮಜಾ ಬಂತೆಂದರೆ, ನಾನು ಚಹಾ ಕುಡಿಯುವಾಗಲೂ ಅಡುಗೆಮನೆಯಿಂದ "ನ್ಯೂಟ್ರಲ್!" ಅಂತ ಕೂಗುತ್ತಿದ್ದಳು.

ಒಂದು ಕೆಲಸ ಬಾಕಿ ಇದೆ, ಡಿಸ್ಪ್ಲೇ. ನಡುವೆ 4.3 ಇಂಚಿನದಕ್ಕೆ ಅಂತ ಕಿಂಡಿ ಕೊರೆದಿದ್ದೇನೆ. ಆದರೆ ಉಳಿದಿರುವುದು ಒಂದೇ ಪಿನ್ನು. ಅದಕ್ಕೆ ಬೇರೆ ಬೋರ್ಡೇ ಬೇಕಾಗುತ್ತದೆ, ಅಷ್ಟೊಂದು ಕೋಡ್ ಬರೆಯುವ ಮನಸ್ಸು ಈಗಿಲ್ಲ. ಹೋದ ವಾರ ಅಳಿಯ ಬಂದಾಗ ಆ ಕಿಂಡಿಗೆ ರಟ್ಟು ಅಂಟಿಸಿ, ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ 8 ಅಂತ ಬರೆದ. ಎಂಟನೇ ಗೇರ್ ಅಂತೆ. ಲೇಥ್ ಕಾಕಾನೂ ಒಂದು ಸಂಜೆ ಬಂದು ಓಡಿಸಿ ನೋಡಿದರು. ಐದು ಸುತ್ತು, ಒಂದೂ ಬಟನ್ ಮುಟ್ಟಲಿಲ್ಲ.